ಒಂದು ದಿನದ ನೀರು

ಸುರಪುರದ ಕಾಲೇಜಿನಲ್ಲಿ ನಾನು ವರ್ಷಗಟ್ಟಲೆ ಅಂತರರಾಷ್ಟ್ರೀಯ ಸಂಬಂಧಗಳ ಪಾಠ ಹೇಳಿದೆ. ಬೋರ್ಡಿನ ಮೇಲೆ ಎರಡು ದುಂಡು ಬರೆಯುವುದು, ಒಂದು ಈ ದೇಶ, ಇನ್ನೊಂದು ಆ ದೇಶ, ನಡುವೆ ಒಂದು ಬಾಣ. ದೇಶ ದೇಶದ ಕೂಡ ಮಾತಾಡುತ್ತದೆ, ಪಾಠ ಮುಗಿಯಿತು. ದುಂಡಿನ ಒಳಗಿರುವ ಮಂದಿ ಆ ಹೊತ್ತಿನಲ್ಲಿ ಏನು ಮಾಡುತ್ತಿರುತ್ತಾರೆ ಎಂಬುದು ಪುಸ್ತಕದಲ್ಲಿ ಇರಲಿಲ್ಲ. ಅದನ್ನು ನಾನು ನೋಡಿದ್ದು ನನ್ನ ಚಿಗವ್ವನ ಊರಲ್ಲಿ. ಚಿಗವ್ವ ಎಂದರೆ ನಮ್ಮವ್ವನ ತಂಗಿ. ಬಾಯಿ ಬಲು ಜೋರು, ನನಗೆ ಬಂದದ್ದೂ ಅಲ್ಲಿಂದಲೇ.

ಕೃಷ್ಣೆಯ ಕಾಲುವೆ ನಮ್ಮ ಕಡೆ ಬಂದು ಆಗ ಕೆಲವು ವರ್ಷಗಳಾಗಿದ್ದವು. ಹುಣಸಗಿ ಕಡೆ, ಕಾಲುವೆಯ ತಲೆಗೆ, ಕಣ್ಣು ಹಾಯುವ ತನಕ ಭತ್ತ. ಜೋಳ, ಶೇಂಗಾ, ಹತ್ತಿಗೆಂದು ತಂದ ನೀರನ್ನು ಮೇಲಿನವರು ಭತ್ತಕ್ಕೆ ನಿಲ್ಲಿಸಿಕೊಂಡರೆ ಕೆಳಗಿನವರಿಗೆ ಉಳಿಯುವುದೇನು, ಮಣ್ಣು! ಚಿಗವ್ವನ ಊರು ಶಹಾಪುರದ ಆಚೆ, ಕಿರುಗಾಲುವೆಯ ಕಟ್ಟಕಡೆಯ ತುದಿ. ಆ ಕಿರುಗಾಲುವೆ ಅಗೆಯುವಾಗ ಅವಳ ಬಾವಿ ಅಡ್ಡ ಬಂತು. "ಬಾವಿ ಕೊಡ್ರಿ, ಹೊಳಿನ ನಿಮ್ಮ ಹೊಲಕ್ಕ ಬರತೈತಿ" ಎಂದರು ಕಾಲುವೆ ಅಗೆಸುವವರು. ಊರಿಗೆಲ್ಲ ಮೊದಲು ಒಪ್ಪಿದವಳು ಅವಳೇ. ನೀರಿದ್ದ ಬಾವಿ ಮುಚ್ಚಿಸಿದಳು. ಹೊಳೆ ಬರಲಿಲ್ಲ. "ಮಾತು ನಂಬಿ ಬಾವಿ ಕೊಟ್ಟಾಕಿ" ಎಂದು ಮಂದಿ ಎದುರಿಗೇ ಆಡಿಕೊಳ್ಳುತ್ತಿದ್ದರು.

ಕಾಲುವೆಗೆ ಹೊರದೇಶದ ಒಂದು ಬ್ಯಾಂಕು ಸಾಲ ಕೊಟ್ಟಿತ್ತು. ನೀರು ತುದಿಗೆ ಮುಟ್ಟಿದೆಯೋ ಇಲ್ಲವೋ ನೋಡಿ ಬಾ ಎಂದು ಅವರು ಒಬ್ಬ ಹೆಣ್ಣುಮಗಳನ್ನು ಕಳಿಸಿದರು. ಆಕೆ "ಮುಟ್ಟಿದೆ" ಎಂದು ಹೇಳಿ ಹೋದರೆ ಕೆಲಸ ಮುಗಿದಂತೆ. ಆಮೇಲೆ ತುದಿಯ ಊರಿನ ಕಡೆ ನಾಯಿಯೂ ಹಣಿಕಿ ಹಾಕುವುದಿಲ್ಲ. ಬೆಂಗಳೂರಿನಿಂದ ಕರೆತಂದಿದ್ದ ದುಭಾಷಿಗೆ ನಮ್ಮವರ ಮಾತು ತಲೆಗೆ ಹತ್ತಲಿಲ್ಲವಂತೆ, ಆದ್ದರಿಂದ ಮೈಸೂರು ಕಡೆಯ ಇಂಜಿನಿಯರ್ ಸಾಹೇಬರು ನನ್ನನ್ನು ಕರೆಸಿದರು. ಜೀಪು ಹೊರಟಿದ್ದು ನನ್ನ ಚಿಗವ್ವನ ಊರಿಗೇ ಎಂದು ತಿಳಿದರೂ, ಅಲ್ಲಿ ನನ್ನವರಿದ್ದಾರೆ ಎಂಬುದನ್ನು ಬಚ್ಚಿಟ್ಟುಕೊಂಡೆ.

ಹೋಗಿ ನೋಡುತ್ತೇನೆ, ಕಾಲುವೆ ತುಂಬ ನೀರು! ನನಗೆ ಕಣ್ಣೇ ನಂಬಲಾಗಲಿಲ್ಲ. ಬಂದ ಹೆಣ್ಣುಮಗಳು ನಕ್ಕಳು, ಸಾಹೇಬರು ನಕ್ಕರು. ನಗದವಳು ಚಿಗವ್ವ ಒಬ್ಬಳೇ. ನನ್ನ ಸೆರಗು ಹಿಡಿದು ಬದಿಗೆ ಎಳೆದಳು.

"ಇದು ಒಂದಿನದ ನೀರವ್ವ. ನನ್ನ ಸೊಸಿ ತವರಮನಿ ಹುಣಸಗಿ ಕಡೆ ಐತಲ್ಲ, ಅವರು ಹೇಳಿ ಕಳಿಸ್ಯಾರ. ಇವತ್ತೊಂದಿನ ಮ್ಯಾಲಿನ ತೂಬು ಎಲ್ಲಾ ಬಂದ್ ಮಾಡ್ಸ್ಯಾರ. ಹೊತ್ತು ಮುಳುಗಿದ ಕೂಡ್ಲೆ ತಗೀತಾರ."

"ಈಗ್ಲೇ ಆಕೀಗಿ ಹೇಳ್ತೀನಿ" ಎಂದೆ.

"ಹುಚ್ಚಿ! ಕಣ್ಣ ಮುಂದ ನೀರು ಹರಿಯಾಕತ್ತೈತಿ, ನೀ ಇಲ್ಲಂದ್ರ ಯಾರು ನಂಬ್ತಾರ? ಹಾವೂ ಸಾಯಬೇಕು, ಕೋಲೂ ಮುರೀಬಾರ್ದು. ಸುಮ್ನಿರು."

ನಮ್ಮ ಕಡೆ ಹೊಸ ನೀರು ಬಂದರೆ ಗಂಗಿಪೂಜೆ ಮಾಡದೆ ಹೊಲಕ್ಕೆ ತಿರುವುವುದಿಲ್ಲ. ಪೂಜೆ ಆಗಬೇಕಾದದ್ದು ಹೊತ್ತು ಮೂಡುವಾಗ. ಇನ್ನು ಮನೆಗೆ ಮೊದಲ ಸಲ ಬಂದ ಪಾವಣೇರನ್ನು, ಅಂದರೆ ಅತಿಥಿಗಳನ್ನು, ಒಂದು ರಾತ್ರಿ ವಸ್ತಿ ಇಟ್ಟುಕೊಳ್ಳದೆ ಕಳಿಸುವುದು ಮರ್ಯಾದೆಯಲ್ಲ. ಚಿಗವ್ವ ಸೀದಾ ಹೋಗಿ ಆ ಹೆಣ್ಣುಮಗಳ ಎರಡೂ ಕೈ ಹಿಡಿದಳು.

"ನೀರು ತಂದಾಕಿ ನೀನ, ತಾಯಿ. ನಾಳಿ ಮುಂಜಾನಿ ನಿನ್ನ ಕೈಲಿಂದನ ಗಂಗಿಪೂಜಿ ಆಗಬೇಕು. ಇವತ್ತು ನಮ್ಮನ್ಯಾಗ ವಸ್ತಿ."

ಸಾಹೇಬರ ಮುಖ ನೋಡಬೇಕಿತ್ತು! "ಮೇಡಂ, ಸಂಜೆ ಯಾದಗಿರಿಯಲ್ಲಿ ಅವರಿಗೆ ರೈಲಿದೆ, ಆಗಲ್ಲ ಅಂತ ಹೇಳ್ಬಿಡಿ" ಎಂದರು. ನಾನು ದುಭಾಷಿ. ಚಿಗವ್ವನ ಮಾತನ್ನೂ ಹೇಳಿದೆ, ಸಾಹೇಬರ ಮಾತನ್ನೂ ಹೇಳಿದೆ, ಒಂದಕ್ಷರ ನುಂಗಲಿಲ್ಲ. ಹೆಣ್ಣುಮಗಳು ಸ್ವಲ್ಪ ಯೋಚಿಸಿ, ರೈಲು ನಾಳೆಯೂ ಇರುತ್ತದಲ್ಲ ಎಂದಳು. ಕಾಲುವೆಯ ಪೂಜೆ ಬೇಡ ಎನ್ನಲು ಯಾವ ಸರ್ಕಾರಿ ಬಾಯಿಗೆ ಧೈರ್ಯವಿದೆ? ಆಕೆ ಚಿಗವ್ವನ ಮನೆಯಲ್ಲಿ ರೊಟ್ಟಿ, ಪುಂಡಿಪಲ್ಯ ಉಂಡು, ಖಾರಕ್ಕೆ ಕಣ್ಣೀರು ಸುರಿಸಿ, ಮತ್ತೆ ಇಸಿದುಕೊಂಡಳು.

ಹೊತ್ತು ಮೂಡಿತು. ಊರ ಹೆಂಗಸರೆಲ್ಲ ಆರತಿ, ತೆಂಗಿನಕಾಯಿ, ಹಸಿರು ಬಳೆ ಹಿಡಿದು ದಂಡೆಗೆ ಬಂದರು. ಕಾಲುವೆಯಲ್ಲಿ ಹಸಿ ಕೆಸರು. ಆ ಕೆಸರಿನಲ್ಲಿ ನಾಲ್ಕು ಸಣ್ಣ ಮೀನು ಒದ್ದಾಡುತ್ತಿದ್ದವು. ಹೆಣ್ಣುಮಗಳು ಅತ್ತ ನೋಡಿದಳು, ಇತ್ತ ನೋಡಿದಳು, ನೀರೆಲ್ಲಿ ಎಂದಳು. ಸಾಹೇಬರು ಆಗಲೇ ಜೀಪು ತಂದು ನಿಂತಿದ್ದರು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ.

"ರಾತ್ರಿ ಗೇಟು ಕೆಟ್ಟಿದೆ ಅಂತ ಹೇಳಿ ಮೇಡಂ."

ಹೇಳಿದೆ. ಬೆನ್ನಿಗೇ ಚಿಗವ್ವ ಸೊಂಟದ ಮೇಲೆ ಕೈ ಇಟ್ಟಳು. "ಪಾವಣೇರು ಬಂದಾಗ ಛಲೋ ಇರೋ ಗೇಟು, ಅವರು ಮಕ್ಕೊಂಡ ಮ್ಯಾಲ ಹೆಂಗ ಕೆಡತೈತಿ ಕೇಳು. ನನ್ನ ಬಾವಿ ಇಲ್ಲೇ, ಈ ಕೆಸರಿನ ಕೆಳಗ ಐತಿ ಅಂತನೂ ಹೇಳು." ಅದನ್ನು ಹೇಳುವಾಗ ನನ್ನ ಇಂಗ್ಲಿಷು ನಡುಗಿತು, ಆದರೂ ನಿಲ್ಲಲಿಲ್ಲ.

ಹೆಣ್ಣುಮಗಳು ಜೀಪು ಹತ್ತಿ, ಕಾಲುವೆ ಹಿಡಿದು ಮೇಲೆ ನಡೆಯಿರಿ ಎಂದಳು. ಚಿಗವ್ವ ಕೇಳಲೂ ಇಲ್ಲ, ಆರತಿ ತಟ್ಟೆ ಸಮೇತ ಮುಂದಿನ ಸೀಟಿನಲ್ಲಿ ಕುಳಿತಳು! ಮೇಲೆ ಹೋದಂತೆ ತೂಬು ತೂಬೂ ಬಾಯಿ ತೆರೆದಿತ್ತು. ಭತ್ತದ ಗದ್ದೆಯಲ್ಲಿ ಮೊಳಕಾಲುದ್ದ ನೀರು. ಹೆಣ್ಣುಮಗಳು ಪ್ರತಿಯೊಂದನ್ನೂ ಇಳಿದು ನೋಡಿದಳು. ಕೊನೆಗೆ, ಕೆಲಸ ಮುಗಿದಿಲ್ಲ, ತುದಿಗೆ ನೀರು ಮುಟ್ಟದೆ ಮುಂದಿನ ಸಾಲ ಬರುವುದಿಲ್ಲ ಎಂದಳು. ಆ ಮಾತನ್ನು ಕನ್ನಡಕ್ಕೆ ತಂದು ಚಿಗವ್ವನಿಗೆ ಹೇಳುವಾಗ ನನ್ನ ಎದೆ ಉಬ್ಬಿತು ನೋಡಿ! ಜೀವಮಾನದಲ್ಲಿ ನಾನು ಮಾಡಿದ ದೊಡ್ಡ ಅನುವಾದ ಅದೊಂದೇ, ಸಾಕು.

ಸಾಹೇಬರು ನನ್ನ ಮೇಲೆ ಹರಿಹಾಯುತ್ತಾರೆ ಎಂದುಕೊಂಡಿದ್ದೆ. ಮುಂದೆ ಸುರಪುರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ತಾವೇ ಚಹಾ ಹೇಳಿದರು. "ಮೇಡಂ, ಆ ತೂಬು ಪಾಳಿ ಪ್ರಕಾರ ಮುಚ್ಚಬೇಕು ಅಂತ ನನಗೂ ಇತ್ತು. ಮೇಲಿನವರು ಒಪ್ಪಿದ್ದು ಆ ಒಂದು ದಿನಕ್ಕೆ ಮಾತ್ರ. ಅದರ ಮೇಲೆ ಮುಚ್ಚಿದ್ರೆ ಅವರ ಮುಖಂಡರು ನನ್ನನ್ನ ವರ್ಗ ಮಾಡಿಸ್ತಿದ್ರು. ಈಗ ಹೊರದೇಶದವರ ಶರತ್ತು ಅಂತ ಹೇಳಿ ಬೀಗ ಜಡಿದಿದ್ದೀನಿ. ಯಾರೂ ಉಸಿರೆತ್ತಲಿಲ್ಲ." ಸರ್ಕಾರ ಒಂದೇ ದುಂಡು ಎಂದು ನಾನು ಮಕ್ಕಳಿಗೆ ಹೇಳಿದ್ದೆನಲ್ಲ!

ಚಿಗವ್ವನಿಗೆ ಇದನ್ನು ಹೇಳಿದರೆ ಅವಳಿಗೆ ಆಶ್ಚರ್ಯವೇ ಇಲ್ಲ. "ಗಂಡನ ಮನ್ಯಾಗ ಮಾತು ನಡೀಲಿಲ್ಲಂದ್ರ ತವರಮನಿ ಹಿರೇರನ್ನ ಕರಸ್ತೀವಿಲ್ಲ? ಅವರು ಬಂದು ಕಟ್ಟಿಮ್ಯಾಲ ಕುಂತ್ರ ಸಾಕು, ಮಾವ ತಾನ ದಾರಿಗಿ ಬರ್ತಾನ. ಅವಗೂ ಬರೋದಿರತೈತಿ, ನೆವ ಸಿಕ್ಕಿರಂಗಿಲ್ಲ." ಮರುದಿನ ತರಗತಿಯಲ್ಲಿ ನಾನು ದುಂಡುಗಳನ್ನು ಒರೆಸಿ, ಬಾಣಗಳನ್ನು ಊರಿನಿಂದಲೇ ಶುರುಮಾಡಿದೆ. ಪರೀಕ್ಷೆಗೆ ಬರುತ್ತದೇನ್ರಿ ಎಂದು ಒಬ್ಬಳು ಕೇಳಿದಳು. ಪರೀಕ್ಷೆಗೆ ಬರಂಗಿಲ್ಲವ್ವ, ಹೊಲಕ್ಕ ಬರತೈತಿ ಎಂದೆ.

ಮುಂದಿನ ಹಂಗಾಮಿನಲ್ಲಿ ತುದಿಯವರ ಪಾಳಿ ಮೊದಲು ಎಂದು ಗೊತ್ತಾಯಿತು. ನೀರು ಬಿಡುವ ದಿನ ನಾನು ರಜೆ ಹಾಕಿ ಹೋದೆ. ಹೊತ್ತು ಮೂಡುವಾಗ ಕೆಂಪು ನೀರು ಕಸಕಡ್ಡಿ ತಳ್ಳಿಕೊಂಡು ಬಂತು. ಊರೆಲ್ಲ ದಂಡೆಯ ಮೇಲೆ ಇತ್ತು. ಗಂಗಿಪೂಜೆ ಆಯಿತು. ಅವಳನ್ನು ಆಡಿಕೊಂಡವರೇ "ಮೊದಲು ನಿನ್ನ ಹೊಲಕ್ಕ ತಿರುವು" ಎಂದು ಕೂಗಿದರು. ಚಿಗವ್ವ ಸೀರೆ ಎತ್ತಿ ಕಟ್ಟಿ, ಮೊಳಕಾಲು ನೀರಿಗೆ ಇಳಿದು ಒಡ್ಡು ಕಡಿದಳು. ನೀರು ಅವಳ ಹೊಲದ ಮೊದಲ ಸಾಲಿಗೆ ನುಗ್ಗಿತು. ನನಗೆ ತಡೆಯಲಾಗಲಿಲ್ಲ, ನಿಂತಲ್ಲೇ ಗಳಗಳ ಅತ್ತುಬಿಟ್ಟೆ.

ಅವಳು ತಿರುಗಿ ನೋಡಿ ಗದರಿದಳು. "ಏ, ಅಳ್ತಾ ನಿಂತೀ ಏನ? ಅಕಾ ನೋಡು, ಆ ಕಡೆ ಬದು ಒಡದು ಹೊಂಟೈತಿ. ಸಲಿಕಿ ತಗೊಂಡು ಓಡು!"

ನಾನು ಚಪ್ಪಲಿ ಬಿಟ್ಟು ಓಡಿದೆ.