ಪರೀಕ್ಷೆಯಿಲ್ಲದ ಓದು

ಮಧ್ಯಾಹ್ನ ಗಾಳಿ ತಿರುಗಿತೆಂದರೆ ಗಂಗಾವತಿಯ ನಮ್ಮ ಓಣಿಗೆ ಮಿಲ್ಲಿನಿಂದ ಕುದಿಸಿದ ಭತ್ತದ ವಾಸನೆ ಬರುತ್ತದೆ. ಇವತ್ತೂ ಬಂದಿದೆ. ಭಾನುವಾರ. ಹೊಸ್ತಿಲ ಬಳಿ ಕಾಲು ಚಾಚಿ, ಅಂಗೈಯಗಲದ ಓದುವ ಯಂತ್ರ ಹಿಡಿದು ಕೂತಿದ್ದೇನೆ. ಎದುರಿಗೆ ಅವ್ವ. ಅವಳೇಕೆ ಅಲ್ಲಿದ್ದಾಳೆ ಎಂಬುದನ್ನು ಆಮೇಲೆ ಹೇಳುತ್ತೇನೆ, ಮೊದಲು ಯಂತ್ರವನ್ನು ಸ್ವಲ್ಪ ಹೊಗಳಿಬಿಡುತ್ತೇನೆ.

ಇದರ ಪರದೆ ಹೊಳೆಯುವುದಿಲ್ಲ, ಕಾಗದದ ಹಾಗಿದೆ. ಮೊಬೈಲು ಬಿಸಿಲಿಗೆ ಸೋತು ಕಪ್ಪಾದರೆ, ಇದರ ಅಕ್ಷರಗಳು ಬಿಸಿಲು ಬಿದ್ದಷ್ಟೂ ಸ್ಪಷ್ಟವಾಗುತ್ತವೆ. ನಾನು ಕೊಪ್ಪಳದ ಕಚೇರಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವವಳು. ಒಂದು ಕೈಗೆ ಕಂಬಿ, ಇನ್ನೊಂದು ಕೈಗೆ ಇದು. ಹಿಟ್ನಾಳ ಬರುವಷ್ಟರಲ್ಲಿ ಒಂದು ಅಧ್ಯಾಯ ಮುಗಿದಿರುತ್ತದೆ. ಪಕ್ಕದಲ್ಲಿ ನಿಂತಿದ್ದ ಅಜ್ಜನೊಬ್ಬ ಬಹಳ ಹೊತ್ತು ಇಣುಕಿ ನೋಡಿ, ಮೊಬೈಲಿನ ಬಣ್ಣ ಹೋಗಿದೆ, ರಿಪೇರಿಗೆ ಕೊಡವ್ವ ಎಂದು ಕನಿಕರದಿಂದ ಹೇಳಿದ್ದ. ಹೂಂ ಅಂದೆ. ವಿವರಿಸುತ್ತ ಕೂತರೆ ಕಥೆ ಹಿಂದೆ ಬೀಳುತ್ತಿತ್ತು.

ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗಳು. ಯಾರೂ ಕೇಳದಿದ್ದರೂ ಈ ಮಾತು ಹೇಳುವುದು ನನ್ನ ಚಟ, ಸಹಿಸಿಕೊಳ್ಳಿ. ಆದರೆ ನಮ್ಮಲ್ಲಿ ಓದು ಎಂದರೆ ಪಾಸಾಗುವುದು, ಅಷ್ಟೇ. ಪರೀಕ್ಷೆ ಮುಗಿದ ಮರುದಿನವೇ ಪುಸ್ತಕಗಳು ಓಣಿಯಲ್ಲಿ ನನ್ನ ಹಿಂದಿನ ತರಗತಿಯವರ ಮನೆಗೆ ಹೋಗುತ್ತಿದ್ದವು. ನನ್ನ ಪರೀಕ್ಷೆಗಳಲ್ಲಿ ಅವ್ವನಿಗೂ ಪಾಲಿತ್ತು. ಮಿಲ್ಲಿನಲ್ಲಿ ನುಚ್ಚು ಕೇರುತ್ತಿದ್ದ ಅವಳು ಹರಕೆ ಹೊರುತ್ತಿದ್ದಳು. ಎಸ್ಸೆಸ್ಸೆಲ್ಸಿಗೆ ಚಹಾ ಬಿಟ್ಟಳು, ಪಿಯುಸಿಗೆ ಬೆಲ್ಲ. ಬಿ.ಎ. ಮುಗಿಯುವ ತನಕ ಹೊಸ ಸೀರೆಯನ್ನೇ ಉಡಲಿಲ್ಲ. ನಾನು ಓದಿದ್ದಕ್ಕಿಂತ ಅವಳು ಬಿಟ್ಟದ್ದರಿಂದಲೇ ಪಾಸಾದೆ ಎಂದು ಓಣಿಯವರು ನಂಬಿದ್ದರು. ನನಗೂ ಒಂದೊಂದು ಸಲ ಹಾಗೇ ಅನಿಸುತ್ತದೆ.

ಈ ಯಂತ್ರ ಬಂದ ಮೇಲೆ ಮನೆಯಲ್ಲಿ ನನ್ನ ಮರ್ಯಾದೆ ಏಕಾಏಕಿ ಏರಿತು. ಇದನ್ನು ಹಿಡಿದು ಕೂತರೆ ಸಾಕು, ಟಿ.ವಿ. ಸದ್ದು ಇಳಿಯುತ್ತಿತ್ತು. ಕೇಳದೆಯೇ ಮಜ್ಜಿಗೆ ಬರುತ್ತಿತ್ತು. ಸಂಬಳ ತರುವ ಮಗಳೆಂಬ ಗೌರವ ಇರಬೇಕು ಎಂದುಕೊಂಡು ಸುಖವಾಗಿದ್ದೆ. ಒಂದು ದಿನ ಅತ್ತಿಗೆ ಹಿತ್ತಲಿಗೆ ಕರೆದಳು.

"ತಂಗಿ, ಆ ಪರೀಕ್ಷಿ ಯಾವಾಗ ಐತಿ ಹೇಳಿಬಿಡವ್ವ. ಎಲಿ ಬಿಟ್ಟಾಗಿಂದ ಅತ್ತಿ ನನ್ನ ತಲಿ ತಿನ್ನಾಕತ್ತಾಳ."

ಆಗ ನೋಡಿದೆ. ಅವ್ವನ ಎಲೆ-ಅಡಿಕೆ ಸಂಚಿ ಮೊಳೆಗೆ ನೇತುಬಿದ್ದಿತ್ತು. ಎಷ್ಟೋ ವರ್ಷ ಮಿಲ್ಲಿನ ಧೂಳಿನಲ್ಲಿ ಅವಳ ಜೊತೆಗಿದ್ದದ್ದು ದವಡೆಯೊಳಗಿನ ಆ ಎಲೆಯೊಂದೇ. ಮಗಳು ದೊಡ್ಡ ಸಾಹೇಬಳಾಗುವ ಪರೀಕ್ಷೆಗೆ ಓದುತ್ತಿದ್ದಾಳೆ ಎಂದು ಓಣಿಗೆಲ್ಲ ಹೇಳಿಟ್ಟಿದ್ದಳಂತೆ. ನಾನು ಓದುತ್ತಿದ್ದದ್ದೋ, ಕಳೆದುಹೋದ ಎಮ್ಮೆಯನ್ನು ಹುಡುಕಿಕೊಂಡು ಊರೂರು ಅಲೆಯುವ ಗೌರಮ್ಮನ ಕಾದಂಬರಿ.

ಹೇಳದೆ ಇರುವಂತಿರಲಿಲ್ಲ. ಹೇಳುವುದೂ ಸುಲಭವಿರಲಿಲ್ಲ. ಹಿಂದೆ ಬಿಟ್ಟ ಚಹಾ, ಬೆಲ್ಲ, ಸೀರೆಗಳನ್ನೂ ನಾನು ಹಗುರ ಮಾಡಿದೆನೆಂದು ಅವಳು ತಿಳಿದರೆ? ಅಕ್ಕಿ ಆರಿಸುತ್ತಿದ್ದವಳ ಪಕ್ಕ ಕೂತು, ಯಾವ ಪರೀಕ್ಷೆಯೂ ಇಲ್ಲ, ಇದು ಬರೀ ಕಥೆ ಎಂದೆ. ಅವಳ ಬೆರಳು ಮೊರದಲ್ಲೇ ನಿಂತವು.

"ಮತ್ತ್ಯಾಕ ಓದತಿ?"

"ಓದಿದ್ರ ಛಲೋ ಅನಸ್ತೈತವ್ವ."

"ಅಷ್ಟಕ್ಕನಾ?"

"ಅಷ್ಟಕ್ಕ."

ಅವಳು ಒಂದು ಕಲ್ಲು ಹೆಕ್ಕಿ ಎಸೆದಳು. ಇನ್ನೊಂದನ್ನೂ ಎಸೆದಳು. ಬೈಯುತ್ತಾಳೆಂದು ಕಾದೆ.

"ಹೊತ್ತ ಹರಕಿ ನಡುವ ಬಿಡಾಕ ಬರಂಗಿಲ್ಲ. ನಿನ್ನ ಓದು ಮುಗಿಲಿ ಅಂತ ಹೊತ್ತೀನಿ. ಅದನ್ನ ಮುಗಸು, ಎಲಿ ಹಾಕ್ಕೋತೀನಿ." ಆಮೇಲೆ ಮೊರ ಬದಿಗಿಟ್ಟಳು. "ಏನೈತಿ ಅದರಾಗ? ಮೊದಲಿಂದ ಓದು, ನಾನೂ ಕೇಳತೀನಿ."

ಅಂದಿನಿಂದ ಭಾನುವಾರದ ಮಧ್ಯಾಹ್ನ ನಮ್ಮಿಬ್ಬರದು. ಅವ್ವ ಸುಮ್ಮನೆ ಕೇಳುವವಳಲ್ಲ. ಗೌರಮ್ಮ ಬಿಸಿಲಿನಲ್ಲಿ ಅಲೆಯುವಾಗ ಅವಳ ಗಂಡ ಮನೆಯಲ್ಲಿ ಕೂತು ಏನು ಕಡಿದು ಹಾಕುತ್ತಿದ್ದಾನೆ ಎಂದು ಎಲ್ಲಿ ಬೇಕಾದರೂ ತಡೆದು ಕೇಳುತ್ತಾಳೆ. ಪುಸ್ತಕ ಹೇಳದಿದ್ದರೆ ನಾನೇ ಏನಾದರೂ ಹೇಳಬೇಕು. ಹೋದ ವಾರ ಒಂದು ಕಡೆ ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಚಿಕ್ಕಂದಿನಲ್ಲಿ ನಾನು ಗಟ್ಟಿಯಾಗಿ ಪಾಠ ಓದುವಾಗ ಅವಳೆಂದೂ ನಕ್ಕಿರಲಿಲ್ಲ. ಆಗ ಓದು ಅವಳಿಗೂ ಭಯವೇ ಆಗಿತ್ತು.

ಇವತ್ತು ಕೊನೆಯ ಅಧ್ಯಾಯ. ಅತ್ತಿಗೆ ಬೆಳಿಗ್ಗೆಯೇ ಪೇಟೆಗೆ ಹೋಗಿ ಎಳೆಯ ಎಲೆ ತಂದು, ತೊಳೆದು ತಟ್ಟೆಯಲ್ಲಿಟ್ಟಿದ್ದಾಳೆ. ಓದುತ್ತಾ ಬಂದೆ. ಗೌರಮ್ಮ ದಿಬ್ಬ ಹತ್ತಿದಳು. ಆಚೆಯಿಂದ ಕೊರಳ ಗಂಟೆಯ ಸದ್ದು ಕೇಳಿಸಿತು. ಪುಟ ತಿರುಗಿಸಬೇಕು, ಅಷ್ಟರಲ್ಲಿ ಅವ್ವ ಪರದೆಯ ಮೇಲೆ ಕೈ ಮುಚ್ಚಿದಳು.

"ಇವತ್ತಿಗೆ ಸಾಕು. ಉಳದದ್ದು ಮುಂದಿನ ಐತಾರ ಓದು."

ಒಳಗೆ ಅತ್ತಿಗೆ ಎಲೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತತೊಡಗಿದಳು.