ಪಿಟೀಲಿನ ಮೈಕ್

ಮುನ್ನೂರು ವರ್ಷ ಹಿಂದಿನ ಯುರೋಪಿನ ಸಂಗೀತದಲ್ಲಿ ಕೀಬೋರ್ಡಿನವನಿಗೆ ಬರೆದುಕೊಡುವುದು ಎಡಗೈಯ ಸ್ವರ, ಅದರ ಮೇಲೆ ನಾಲ್ಕು ಅಂಕಿ, ಅಷ್ಟೇ. ಬಲಗೈ ಏನು ಮಾಡಬೇಕೆಂಬುದನ್ನು ಪಕ್ಕದ ಪಿಟೀಲು ಕೇಳುತ್ತ ಅಲ್ಲಲ್ಲೇ ತೀರ್ಮಾನಿಸಬೇಕು. ಎಷ್ಟೋ ವರ್ಷ ನಾನು ಒಬ್ಬಳದೇ ಪಿಟೀಲು ಕೇಳಿ ಹೀಗೆ ಕೀಬೋರ್ಡ್ ನುಡಿಸಿದವನು. ಬ್ರಹ್ಮಾವರದ ಕಾರ್ಯಕ್ರಮದ ಹೊತ್ತಿಗೆ ಅವಳು ಬೇರೆ ತಂಡ ಸೇರಿದ್ದಳು. ಇಬ್ಬರ ಪಾಲನ್ನೂ ನಾನೇ ನುಡಿಸುತ್ತೇನೆಂದು ಒಬ್ಬನೇ ಹೋದೆ. ವೇದಿಕೆಯಲ್ಲಿ ಅವಳ ಕುರ್ಚಿ, ಮೈಕ್ ಇಟ್ಟಿದ್ದರು. ಎತ್ತಿಡಿ ಎನ್ನಲು ಬಾಯಿ ಬರಲಿಲ್ಲ.

ಬಲಗೈಯೂ ಮಾತು ಕೇಳಲಿಲ್ಲ. ಅವಳ ರಾಗ ಬರಬೇಕಾದಲ್ಲೆಲ್ಲ ಸುಮ್ಮನೆ ಜಾಗ ಬಿಟ್ಟು ಕೂರುತ್ತಿತ್ತು.

ಮುಗಿದದ್ದೇ ತಡ, ಕೋಟದ ಮೈಕ್‌ಸೆಟ್ಟಿನವರು ಪಕ್ಕದ ಕೋಣೆಯಿಂದ ಓಡಿಬಂದರು. ಅಲ್ಲಿಂದ ಅವರಿಗೆ ವೇದಿಕೆ ಕಾಣುತ್ತಿರಲಿಲ್ಲ.

"ಹ್ವಾಯ್, ಬೇಜಾರ್ ಮಾಡ್ಬೇಡಿ ಮರಾಯ್ರೆ. ಪಿಟೀಲಿನ ಮೈಕ್ ಹಾಳಾಯ್ತ್. ನೀವ್ ನಿಲ್ಸ್ದಾಗೆಲ್ಲ ವೈರ್ ಎಳ್ದ್ ಎಳ್ದ್ ಕಂಡೆ, ಶಬ್ದವೇ ಬರ್ಲಿಲ್ಲ."

"ಪಿಟೀಲು ಇರಲೇ ಇಲ್ಲ" ಎಂದೆ.

ಅವರು ಖಾಲಿ ಕುರ್ಚಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ಇಲ್ಯಾ? ಮತ್ತ್ ಅಷ್ಟೊತ್ತ್ ನೀವ್ ಕಾದದ್ದ್ ಯಾರಿಗೆ?"

ಮೈಕ್ ಕೆಟ್ಟಿತ್ತೆಂದೇ ಒಪ್ಪಿಕೊಂಡುಬಿಡಬೇಕಿತ್ತು ನಾನು.