ಬಲಕ್ಕೆ ಬಿಚ್ಚುವ ಫ್ರೇಮು

ಇಟಲಿಯ ಪಿಯಾವೆ ನದಿ ದಂಡೆಯ ಆ ಊರಿನ ಪುರಸಭೆಯಲ್ಲಿ ಎವರಿಸ್ಟೊ ಫಾವೆರೊ ಮೂವತ್ತೆಂಟು ವರ್ಷ ಜನನ ನೋಂದಣಿಯ ಗುಮಾಸ್ತನಾಗಿದ್ದವನು. ಯಾವ ಮಗುವಿನ ಅಪ್ಪ ಯಾರೆಂದು ಬರೆದುಕೊಳ್ಳುವ ಚಟ ನಿವೃತ್ತಿಯ ನಂತರವೂ ಬಿಡಲಿಲ್ಲ. ಹಳೆಯ ಸೈಕಲ್ ಫ್ರೇಮುಗಳಿಗೆ ಅಂಟಿಕೊಂಡಿತು. ಹೆಸರು ಅಳಿಸಿಹೋದ ಉಕ್ಕಿನ ಫ್ರೇಮು ಯಾರ ಅಟ್ಟದಲ್ಲಿ ಸಿಕ್ಕಿದರೂ ಅವನಿಗೇ ಹೇಳಿಕಳಿಸುತ್ತಿದ್ದರು. ಅವನು ಕನ್ನಡಕವನ್ನು ಹಣೆಗೇರಿಸಿ, ಕೊಳವೆಗಳು ಕೂಡುವ ಮೂಲೆಗಳನ್ನು ಹೆಬ್ಬೆರಳಿನಿಂದ ಸವರಿ, ನೆರೆದವರೆಲ್ಲ ಸುಮ್ಮನಾಗುವವರೆಗೆ ಕಾದು, ಮಾಡಿದವನ ಹೆಸರು ಹೇಳುತ್ತಿದ್ದ. ಕಾಯುವುದನ್ನು ಮಾತ್ರ ಅವನು ಎಂದೂ ಮರೆಯುತ್ತಿರಲಿಲ್ಲ.

ಆ ಭಾನುವಾರ ಮಧ್ಯಾಹ್ನ ಮೂರಕ್ಕೆ ಚರ್ಚಿನ ಸಭಾಂಗಣದಲ್ಲಿ ಹಳೆಯ ಸೈಕಲ್ಲುಗಳ ಪ್ರದರ್ಶನ. ಪಾದ್ರಿಯ ಉಗ್ರಾಣದಲ್ಲಿ ಸಿಕ್ಕ ನೀಲಿ ಫ್ರೇಮಿಗೆ ಎವರಿಸ್ಟೊ ಆಗಲೇ ಚೀಟಿ ಬರೆದಾಗಿತ್ತು: 'ಮಾರ್ಕ್ಯೋರಿ, 1961'. ಮಾರ್ಕ್ಯೋರಿ ಎಂದರೆ ತೀರಿಕೊಂಡು ಎಷ್ಟೋ ವರ್ಷವಾದರೂ ಹೆಸರು ಕೇಳಿದರೆ ಊರೇ ಟೋಪಿ ತೆಗೆಯುತ್ತಿದ್ದ, ಫ್ರೇಮು ಮಾಡುವ ಕುಶಲಕರ್ಮಿ. ಅವನ ಬಗ್ಗೆ ಎವರಿಸ್ಟೊ ಸ್ವಂತ ಖರ್ಚಿನಲ್ಲಿ ಪುಸ್ತಕವನ್ನೇ ಅಚ್ಚು ಹಾಕಿಸಿದ್ದ.

ಮಧ್ಯಾಹ್ನ ಒಂದೂವರೆಗೆ ಎವರಿಸ್ಟೊ ಅದೆಲ್ಮೊನ ಸೈಕಲ್ ಅಂಗಡಿಯಲ್ಲಿ ಆ ಫ್ರೇಮು ಒರೆಸುತ್ತಿದ್ದಾಗ ನೆರೀನಾ ಬಂದಳು. ಮಾರ್ಕ್ಯೋರಿಯ ಬಳಿ ಬೆಸುಗೆ ಹಾಕುತ್ತಿದ್ದ ಲಿವಿಯೊನ ವಿಧವೆ. ಎಂಬತ್ತೊಂದರ ಮುದುಕಿ, ನೆಟ್ಟನೆ ನಿಲುವು.

"ಇದು ನಮ್ಮನೆಯವರು ಮಾಡಿದ್ದು," ಎಂದಳು.

"ಸಿನ್ಯೋರಾ, ಲಿವಿಯೊ ಅವರು ಮಾರ್ಕ್ಯೋರಿಯ ಕೈಕೆಳಗೆ ಕೆಲಸ ಮಾಡ್ತಿದ್ದವರು. ಕೈಕೆಳಗಿನವರ ಹೆಸರು ಫ್ರೇಮಿಗೆ ಬರಲ್ಲ," ಎಂದ ಎವರಿಸ್ಟೊ.

"ಗೊತ್ತು. ಒಂದಕ್ಕೂ ಬಂದಿಲ್ಲ. ಆದ್ರೆ ಇದನ್ನ ನಮ್ಮ ಮನೆ ಕೆಳಗಿನ ಕೋಣೇಲೇ ಮಾಡಿದ್ರು. ಬೆಸುಗೆಯ ಕಿಟ್ಟ ಬಿಡಿಸೋಕೆ ನಾನು ಜೋಳದ ಹಿಟ್ಟಿನ ಪೊಲೆಂತಾ ಬೇಯಿಸೋ ಹಂಡೇಲೇ ನೆನೆಹಾಕಿದ್ರು. ವಾರ ಪೂರ್ತಿ ಪೊಲೆಂತಾ ಕಬ್ಬಿಣದ ವಾಸನೆ. ನಾನು ಮರೀತೀನಾ?"

"ಹಂಡೆ ಸಾಕ್ಷಿ ಆಗಲ್ಲ ಸಿನ್ಯೋರಾ."

"ರಿಜಿಸ್ಟ್ರಾರ್ ಸಾಹೇಬ್ರಿಗೆ ಮೊಹರು ಬೇಕು, ನೆರೀನಮ್ಮ!" ಅದೆಲ್ಮೊ ನಕ್ಕ.

ಮೊಹರೂ ಇರಲೇಬೇಕಿತ್ತು. ಪೆಡಲಿನ ಅಚ್ಚು ಕೂರುವ ದಪ್ಪ ಕೊಳವೆಯ ಒಳಗೆ ಮಾರ್ಕ್ಯೋರಿ ತನ್ನ ಅಂಕಿಯ ಮೊಹರು ಒತ್ತುತ್ತಿದ್ದ. ಚೈನಿನ ಕಡೆಯಿಂದ ಆ ಕೊಳವೆಯನ್ನು ಮುಚ್ಚುವ ಕಪ್ ಬಿಚ್ಚಿದರೆ ಕಾಣುತ್ತದೆ, ಮುದುಕಿಯ ಬಾಯಿ ಮುಚ್ಚುತ್ತದೆ. ಅದೆಲ್ಮೊ ಫ್ರೇಮನ್ನು ಮೇಜಿನ ಹಿಡಿಕಟ್ಟಿಗೆ ಬಿಗಿದ. ಎವರಿಸ್ಟೊ ಸ್ಪ್ಯಾನರಿಗೆ ಒಂದು ಗಜದ ಪೈಪು ಸಿಕ್ಕಿಸಿ, ಊರಿನವರೆಲ್ಲ ಬಿಚ್ಚುವಂತೆ ಎಡಕ್ಕೆ ಎಳೆದ. ಜಗ್ಗಲಿಲ್ಲ. ಎಣ್ಣೆ ಬಿಟ್ಟರು, ಬಿಸಿ ಮಾಡಿದರು, ಇಬ್ಬರೂ ಜೋತುಬಿದ್ದರು. ಕಪ್‌ನ ಸುತ್ತ ಬಣ್ಣ ಚಕ್ಕೆಯಾಗಿ ಹಾರಿತು. ಉಕ್ಕು ಕಿರ್‍ರೆಂದಿತು.

"ಸೀಳತ್ತೆ!" ಅದೆಲ್ಮೊ ಕೈಬಿಟ್ಟ. "ಒಡೆದ್ರೆ ಪಾದ್ರಿಗೆ ನೀನೇ ಉತ್ತರ ಕೊಡು."

"ನಿಲ್ಸಿ," ಎಂದಳು ನೆರೀನಾ. "ಬಿಗಿ ಮಾಡ್ತಿದೀರಿ. ಇದು ಬಲಕ್ಕೆ ಬಿಚ್ಚತ್ತೆ. ಇಂಗ್ಲೆಂಡಿನ ಗಿರಾಕಿಗೆ ಅಂತ ಮಾಡಿದ್ದು. ಅವನು ಬರಲೇ ಇಲ್ಲ, ಪಾದ್ರಿಗೆ ಕೊಟ್ವಿ."

ಎವರಿಸ್ಟೊ ಪೈಪು ಎಳೆಯುವುದನ್ನು ನಿಲ್ಲಿಸಿದ. ಇಂಗ್ಲಿಷ್ ಥ್ರೆಡ್, ಬಲಕ್ಕೆ ಬಿಚ್ಚುವ ತಿರುಪು! ಅವನ ಪುಸ್ತಕದ ನಲವತ್ತೊಂದನೇ ಪುಟದಲ್ಲಿ ಅವನದೇ ವಾಕ್ಯವಿತ್ತು: 'ಮಾರ್ಕ್ಯೋರಿ ಇಂಗ್ಲಿಷ್ ಥ್ರೆಡ್ ಕೊರೆದವನೇ ಅಲ್ಲ. ಅಂಥ ಕೆಲಸ ಬಂದರೆ ಒಬ್ಬ ಕೆಲಸಗಾರನ ಮನೆಗೆ ಕಳಿಸಿ, ತಾನು ಮುಟ್ಟದೆ ಬಿಡುತ್ತಿದ್ದ.' ಆ ಒಬ್ಬ ಕೆಲಸಗಾರ ಯಾರೆಂದು ವಿಚಾರಿಸುವ ಗೋಜಿಗೆ ಅವನು ಹೋಗಿರಲಿಲ್ಲ.

ಪೈಪು ಅವನ ಕೈಯಲ್ಲೇ ಇತ್ತು. ಗಂಟೆ ಎರಡೂಕಾಲು. ತುಕ್ಕು ಹಿಡಿದಿದೆ, ಫ್ರೇಮು ಹಾಳಾದೀತು, ಹೀಗೇ ಇರಲಿ ಎಂದರೆ ಮುಗಿಯಿತು. ಅದೆಲ್ಮೊ ತಲೆಯಾಡಿಸುತ್ತಾನೆ, ಚೀಟಿ ಉಳಿಯುತ್ತದೆ, ಪುಸ್ತಕ ಉಳಿಯುತ್ತದೆ.

"ಬೇಡ ಅನ್ಸಿದ್ರೆ ಬಿಡಿ ಎವರಿಸ್ಟೊ ಅವ್ರೇ," ನೆರೀನಾ ಕೈಚೀಲ ಎತ್ತಿಕೊಂಡಳು. "ಇಷ್ಟು ವರ್ಷ ಬಿಟ್ಟಿದೀನಿ."

ಮೂವತ್ತೆಂಟು ವರ್ಷದಲ್ಲಿ ಗೊತ್ತಿದ್ದೂ ತಪ್ಪು ಅಪ್ಪನ ಹೆಸರು ಅವನು ಒಂದು ಸಲವೂ ಬರೆದಿರಲಿಲ್ಲ. ಹಲ್ಲು ಕಚ್ಚಿ, ಪೈಪನ್ನು ಬಲಕ್ಕೆ ತಳ್ಳಿದ. ಏನೂ ಆಗಲಿಲ್ಲ. ಇನ್ನೊಮ್ಮೆ. ಟಣ್! ಎಂದು ಸದ್ದಾಯಿತು, ಒಡೆಯಿತೆಂದು ಅದೆಲ್ಮೊ ಕಣ್ಣು ಮುಚ್ಚಿದ. ಕಪ್ ಬೆಣ್ಣೆಯಂತೆ ತಿರುಗಿ ಎವರಿಸ್ಟೊನ ಅಂಗೈಗೆ ಬಂತು. ಒಳಗೆ ಟಾರ್ಚು ಹಾಕಿ ನೋಡಿದರು. ಅಂಕಿಯಿರಲಿಲ್ಲ, ಮೊಹರಿರಲಿಲ್ಲ. ಹಿತ್ತಾಳೆಯ ಬೆಸುಗೆ ಸುತ್ತಲೂ ಒಂದೇ ಸಮ ಹರಿದು ಹೊಳೆಯುತ್ತಿತ್ತು, ಅಷ್ಟೆ.

"ಮಾರ್ಕ್ಯೋರಿಗಿಂತ ಚೆನ್ನಾಗಿದೆ ಕಣೋ," ಎಂದ ಅದೆಲ್ಮೊ, ಮೆಲ್ಲಗೆ.

ಎವರಿಸ್ಟೊ ಚೀಟಿ ಹರಿದು, ಲಿವಿಯೊನ ಹೆಸರಿನಲ್ಲಿ ಹೊಸದನ್ನು ಬರೆದ. ಕೆಳಗೆ ತನ್ನ ಹೆಸರು ಹಾಕಲು 'ಗುರುತಿಸಿದವರು' ಎಂದು ಶುರುಮಾಡಿದವನು, ನೆರೀನಾ ನೋಡುತ್ತಿರುವುದನ್ನು ಕಂಡು ಅಲ್ಲಿಗೇ ಪೆನ್ನು ಎತ್ತಿದ.

ಮೂರಕ್ಕೆ ಜನ ನುಗ್ಗಿದರು. ನೀಲಿ ಫ್ರೇಮಿನ ಸುತ್ತ ಗುಂಪು ಕೂಡಿದ ಕೂಡಲೇ ಎವರಿಸ್ಟೊ ಕನ್ನಡಕವನ್ನು ಹಣೆಗೇರಿಸಿ ಗಂಟಲು ಸರಿಮಾಡಿಕೊಂಡ.

"ನಾನು ಹೇಳ್ತೀನಿ," ಎಂದಳು ನೆರೀನಾ. "ನೀವು ಸ್ವಲ್ಪ ತಲೆಕೆಳಗೆ ಮಾಡಿ ಹಿಡ್ಕೊಳ್ಳಿ. ಒಳಗಿನ ಬೆಸುಗೆ ಎಲ್ರಿಗೂ ಕಾಣ್ಲಿ."

ಅವಳು ಲಿವಿಯೊನ ಹುಟ್ಟಿದೂರಿನಿಂದ ಶುರುಮಾಡಿದಳು. ಹಂಡೆಯ ಕತೆಗೆ ಬರುವಷ್ಟರಲ್ಲಿ ಎವರಿಸ್ಟೊನ ತೋಳು ನಡುಗುತ್ತಿತ್ತು. ಆದರೂ ಫ್ರೇಮು ಇಳಿಸಲಿಲ್ಲ.